ಬಿಳಿ ಗೆರೆ ದಾಟಿ ಲಾರಿ ಎಲ್ಲಿ ನಿಲ್ಲಬೇಕು ಸ್ವಾಮಿ?

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಲಸ್ಯ ಅನ್ನಿ, ಆಫೀಸಿನ ರಿಲೀಸ್ ಅನ್ನಿ. ಇವತ್ತು ಬರೆಯುತ್ತಿರುವುದು ಸಿಟ್ಟಿನಿಂದ. ಮೊದಲು ಆ ಸಿಟ್ಟು ಒಬ್ಬ ಲಾರಿ ಡ್ರೈವರ್ ಮೇಲಿತ್ತು. ಈಗ ಬೇರೆ ಕಡೆ ತಿರುಗಿದೆ.

ಕಳೆದ ತಿಂಗಳು ಅಪ್ಪ-ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಊರಿಗೆ ಹೊರಟಿದ್ದೆ. ಊರು ಅಂದರೆ ರಾಣೆಬೆನ್ನೂರಿನ ಹತ್ತಿರ ಒಂದು ಹಳ್ಳಿ. ಕೆಲಸ ಮುಗಿಸಿ ಮನೆ ಬಿಡುವಷ್ಟರಲ್ಲಿ ರಾತ್ರಿ ಹತ್ತೂವರೆ. ಸಿರಾ ದಾಟಿತ್ತು, ಹಿರಿಯೂರು ಇನ್ನೂ ಬಂದಿರಲಿಲ್ಲ, ಗಂಟೆ ಒಂದರ ಸುಮಾರು. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ. ಅಪ್ಪ ಪಕ್ಕದಲ್ಲಿ ಕೂತು ನನಗೆ ನಿದ್ದೆ ಬರದಿರಲಿ ಅಂತ ಏನೋ ಹಳೇ ಕತೆ ಹೇಳುತ್ತಿದ್ದರು. ಸ್ಪೀಡು ಎಂಬತ್ತು. ಎದುರುಗಡೆ ಲೇನಿನ ಗಾಡಿಗಳಿಗೆ ಕಣ್ಣು ಕುಕ್ಕಬಾರದು ಅಂತ ಲೈಟು ಡಿಮ್ ಮಾಡಿದ್ದೆ.

ರಸ್ತೆ ಮೇಲೆ ಏನೋ ಹಸಿರು ಕಂಡಿತು. ಹೊಂಗೆ ಸೊಪ್ಪಿನ ಕೊಂಬೆ. ಊರ ಕಡೆ ಓಡಾಡುವವರಿಗೆ ಇದರ ಅರ್ಥ ಗೊತ್ತು... ಮುಂದೆ ಲಾರಿ ನಿಂತಿದೆ. ಸ್ಟೇರಿಂಗ್ ಬಲಕ್ಕೆ ಎಳೆದೆ. ಹಿಂದಿನಿಂದ ಬರುತ್ತಿದ್ದ ಬಸ್ಸಿನವನು ಹಾರ್ನ್ ಒತ್ತಿಕೊಂಡೇ ಪಕ್ಕದಲ್ಲಿ ಹೋದ. ಎಡಗಡೆ ಕಿಟಕಿಯಲ್ಲಿ, ಅಪ್ಪನ ಕಿವಿಯಿಂದ ಒಂದು ಮೊಳ ದೂರದಲ್ಲಿ, ಲಾರಿಯ ಹಿಂದಿನ ಚಕ್ರ ಹಾದುಹೋಯಿತು. ಅಪ್ಪನ ಕತೆ ಅಲ್ಲಿಗೇ ನಿಂತಿತು.

ಮುಂದೆ ಹೋಗಿ ಗಾಡಿ ಪೂರ್ತಿ ಕೆಳಗಿಳಿಸಿ, ವಾಪಸ್ ನಡೆದುಕೊಂಡು ಬಂದು ಆ ಡ್ರೈವರನ್ನು ಎಬ್ಬಿಸಿದೆ. ಬಾಯಿಗೆ ಬಂದಂತೆ ಬೈದೆ. ನಮ್ಮ ಕಡೆಯವರೇ, ಹಾವೇರಿ ಸೀಮೆ ಮಾತು, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಹೊಸೂರಿನಿಂದ ಪುಣೆಗೆ ಲೋಡು. ಕ್ಲೀನರ್ ಇಲ್ಲ, ಒಬ್ಬರೇ. ಅವರು ತಿರುಗಿ ಬೈಯಲಿಲ್ಲ. "ನಿದ್ದಿ ಬಂತ್ರಿ ಸರ. ನಿದ್ದಿಗಣ್ಣಾಗ ಗಾಡಿ ಹೊಡಿಯೂದು ಚೊಲೋನೋ, ನಿಲ್ಲಿಸೂದು ಚೊಲೋನೋ, ನೀವ ಹೇಳ್ರಿ" ಅಂದರು.

ಬಂಕಿನಲ್ಲಿ ನಿಲ್ಲಿಸಬಹುದಿತ್ತಲ್ಲ ಅಂದೆ.

"ನಿಲ್ಲಿಸಿದ್ನಿರಿ. ಡೀಸೆಲ್ ಹಾಕ್ಸೂದಿದ್ರ ಹಾಕ್ಸು, ಇಲ್ಲಂದ್ರ ಗಾಡಿ ತಗಿ ಅಂದ್ರು."

ಹೆದ್ದಾರಿಯವರೇ ಲಾರಿಗೆ ಅಂತ ಬಗಲಲ್ಲಿ ಜಾಗ ಮಾಡಿರುತ್ತಾರಲ್ಲ, ಅದು?

"ಅಲ್ಲಿ ಲೈಟ್ ಇಲ್ಲ, ನೀರಿಲ್ಲ. ಹ್ವಾದ ವರ್ಷ ಅಂಥಾದ್ರಾಗ ಮಲ್ಕೊಂಡಾಗ ಟ್ಯಾಂಕಿಗೆ ಪೈಪ್ ಹಾಕಿ ನೂರಾ ಎಂಬತ್ತ ಲೀಟರ್ ಎಳಕೊಂಡ್ ಹ್ವಾದ್ರು. ಮಾಲಕ್ರು ಪಗಾರದಾಗ ಮುರಕೊಂಡ್ರು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೊಪ್ಪು ಇಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕಿತ್ತು, ಅದೂ ಹೇಳದೆ ಬಂದೆ.

ಊರಿಗೆ ಹೋದ ಮೇಲೆ ಎರಡು ದಿನ ಇದೇ ತಲೆಯಲ್ಲಿ. ಎಂಜಿನಿಯರಿಂಗ್ ಓದಿದ ತಪ್ಪಿಗೆ ಲೆಕ್ಕ ಹಾಕಿ ನೋಡಿದೆ. ಎಂಬತ್ತರ ಸ್ಪೀಡಿನಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಎರಡೂವರೆ ಸೆಕೆಂಡು ಅಂತ ರಸ್ತೆ ವಿನ್ಯಾಸ ಮಾಡುವವರೇ ಇಟ್ಟುಕೊಂಡಿದ್ದಾರೆ. ಅಂದರೆ ಬ್ರೇಕ್ ಮುಟ್ಟುವ ಮೊದಲೇ 55 ಮೀಟರ್ ಖರ್ಚು. ಪೂರ್ತಿ ನಿಲ್ಲಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಪ್ರಕಾರ 120 ಮೀಟರ್ ಬೇಕು. ಡಿಮ್ ಲೈಟಿನಲ್ಲಿ ಟೇಲ್ ಲೈಟಿಲ್ಲದ ಲಾರಿ ಕಾಣುವುದು ಐವತ್ತು-ಅರವತ್ತು ಮೀಟರಿಗೆ. ನನ್ನನ್ನು ಉಳಿಸಿದ್ದು ನನ್ನ ಡ್ರೈವಿಂಗ್ ಅಲ್ಲ, ಲಾರಿಗಿಂತ ಅಷ್ಟು ದೂರ ಹಿಂದೆ ಬಿದ್ದಿದ್ದ ಹೊಂಗೆ ಸೊಪ್ಪು.

ಇನ್ನೊಂದು ಲೆಕ್ಕ. ನಿಯಮದ ಪ್ರಕಾರ ಲಾರಿಯ ಅಗಲ 2.6 ಮೀಟರ್ ತನಕ ಇರಬಹುದು. ನಾಲ್ಕು ಲೇನಿನ ಹೆದ್ದಾರಿ ಕಟ್ಟುವಾಗ ಎಡ ಅಂಚಿನ ಬಿಳಿ ಗೆರೆಯ ಆಚೆ ಟಾರ್ ಹಾಕಿದ ಶೋಲ್ಡರ್‌ಗೆ ಬಹಳ ವರ್ಷ ಹಿಡಿದಿದ್ದ ಅಳತೆ 1.5 ಮೀಟರ್. ಉಳಿದ 1.1 ಮೀಟರ್ ಲಾರಿ ಎಲ್ಲಿರಬೇಕು? ಒಂದೋ ರಸ್ತೆ ಒಳಗೆ, ಇಲ್ಲವೇ ಹೊರಗಿನ ಮಣ್ಣಿನ ಮೇಲೆ. ಮಣ್ಣು ಎಂಥದ್ದು ಅಂತ ಇಳಿದು ನೋಡಿ. ಮಳೆಗೆ ಕೊರೆದುಹೋಗಿ ಟಾರಿನ ಅಂಚಿಗೂ ಮಣ್ಣಿಗೂ ಗೇಣುದ್ದ ವ್ಯತ್ಯಾಸ. ಹತ್ತು ಚಕ್ರದ ಲಾರಿ ಒಟ್ಟು 28.5 ಟನ್ ತೂಗಬಹುದು ಅಂತ 2018ರಲ್ಲಿ ಸರ್ಕಾರವೇ ಮಿತಿ ಏರಿಸಿತು. ಅಷ್ಟು ಭಾರ ಹೊತ್ತು ಆ ಮಣ್ಣಿಗಿಳಿದ ಲಾರಿ ಬೆಳಗ್ಗೆ ಕ್ರೇನ್ ಇಲ್ಲದೆ ಮೇಲೆ ಬರುವುದಿಲ್ಲ. ಹಾಗಾಗಿ ಅವನು ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲುತ್ತಾನೆ. ಮೂರೂವರೆ ಮೀಟರಿನ ಲೇನಿನಲ್ಲಿ ಮೂರನೇ ಒಂದು ಭಾಗ ಹೋಯಿತು, ಅದೂ ಕತ್ತಲಲ್ಲಿ.

ಆ ಬಿಳಿ ಗೆರೆಯ ಅರ್ಥವಾದರೂ ನಮಗೆ ಗೊತ್ತಾ? ಅಖಂಡ ಗೆರೆ ಅಂದರೆ ಗಾಡಿ ಓಡುವ ರಸ್ತೆ ಇಲ್ಲಿಗೆ ಮುಗಿಯಿತು, ದಾಟಬೇಡ ಅಂತ. ಒಳಗೆ ಹೋಗಬಹುದಾದ ಕಡೆ ಗೆರೆ ತುಂಡು ತುಂಡಾಗಬೇಕು. ನಮ್ಮಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಲಾರಿಯವನಿಗೆ ಅದು ಪಾರ್ಕಿಂಗ್ ಗೆರೆ. ಬೈಕಿನವನಿಗೆ ತನ್ನ ಲೇನು. ಪಕ್ಕದ ಹೊಲದಿಂದ ಬರುವ ಟ್ರ್ಯಾಕ್ಟರಿಗೆ ಅದು ಎದುರು ದಿಕ್ಕಿನಲ್ಲಿ ಬರುವ ದಾರಿ. ಕಾರಿನ ನಮ್ಮಂಥವರಿಗೆ ಎಡದಿಂದ ಓವರ್‌ಟೇಕ್ ಮಾಡುವ ಜಾಗ (ಮಾಡಿಲ್ಲ ಅಂತ ಹೇಳಬೇಡಿ, ನಾನೂ ಮಾಡಿದ್ದೇನೆ). 1989ರ ರಸ್ತೆ ನಿಯಮಗಳಲ್ಲಿ ಅಖಂಡ ಬಿಳಿ ಗೆರೆ ಇರುವ ಕಡೆ ಪಾರ್ಕ್ ಮಾಡಬಾರದು ಅಂತಿತ್ತು. ಅದು ಮಧ್ಯದ ಗೆರೆಯೋ ಅಂಚಿನ ಗೆರೆಯೋ ಅಂತ ಬಿಡಿಸಿ ಹೇಳಿರಲಿಲ್ಲ. ಅದೇ ಪಟ್ಟಿಯಲ್ಲಿ ಮುಖ್ಯ ರಸ್ತೆಯಲ್ಲಿ, ವೇಗವಾಗಿ ವಾಹನ ಓಡುವ ರಸ್ತೆಯಲ್ಲಿ ನಿಲ್ಲಿಸಬಾರದು ಅಂತಲೂ ಇತ್ತು. 2017ರಲ್ಲಿ ಅದರ ಬದಲಿಗೆ ಹೊಸ ನಿಯಮ ಬಂತು. ಎಲ್ಲಿ ನಿಲ್ಲಬಾರದು ಅನ್ನುವ ಪಟ್ಟಿ ಯಾವಾಗಲೂ ಉದ್ದ. ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ಡ್ರೈವರ್ ಹಣೆಬರಹ.

ನಿಲ್ಲಬಾರದ ಕಡೆ ನಿಂತರೆ ಏನಾಗುತ್ತದೆ ಅಂತ ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ಹೋದರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಮನೆಗೆ ಹೊರಟಿದ್ದವರು. ಅದಕ್ಕೆ ಮುಂಚೆ 2023ರ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದ ಹತ್ತಿರ, ಬೆಳಗಿನ ಮಂಜಿನಲ್ಲಿ, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಗುದ್ದಿ 13 ಜನ. ಎರಡು ಸಲವೂ ವಾಟ್ಸಾಪಿನಲ್ಲಿ ಬಂದ ಮಾತು ಒಂದೇ: ಈ ಲಾರಿಯವರಿಗೆ ಬುದ್ಧಿ ಇಲ್ಲ, ಟ್ರಾವೆಲರಿನವನಿಗೆ ನಿದ್ದೆ. ಎರಡರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಸತ್ತವರ ಹೆಸರು ಬದಲಾಗಿ ಘಟನೆ ಮಾತ್ರ ಹಾಗೇ ಇದ್ದರೆ, ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಅದನ್ನು ಯೂಸರ್ ತಪ್ಪು ಅಂತ ಕ್ಲೋಸ್ ಮಾಡುವಂತಿಲ್ಲ. ಒಂದು ಬಗ್ ಸಾವಿರ ಜನರಿಂದ ಒಂದೇ ಥರ ರಿಪೋರ್ಟ್ ಆದರೆ ಡಿಸೈನ್ ತೆಗೆದು ನೋಡಬೇಕು.

ಡಿಸೈನ್ ಪುಸ್ತಕದಲ್ಲಿ ತಪ್ಪಿಲ್ಲ, ಅದೇ ತಮಾಷೆ. ನಾಲ್ಕು ಲೇನ್ ಹೆದ್ದಾರಿಗೆ ಇರುವ ಕೈಪಿಡಿಯಲ್ಲಿ ಲಾರಿಗಳಿಗೆ ಪ್ರತ್ಯೇಕ ಲೇ-ಬೈ ಕಟ್ಟಬೇಕು ಅಂತ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ, ರಾತ್ರಿ ತಂಗುವ ಕಡೆ ಮಾಲೀಕನೇ ವಿಶ್ರಾಂತಿ ಕೋಣೆ ಕೊಡಬೇಕು ಅಂತ ಇತ್ತು. ಅರವತ್ತು ವರ್ಷದ ಹಿಂದಿನ ಕಾನೂನು! ಹೊಸೂರಿನಿಂದ ಪುಣೆಗೆ ಒಬ್ಬನೇ ಹೊರಟ ಆ ಡ್ರೈವರಿಗೆ ಇದನ್ನು ಓದಿ ಹೇಳಿದ್ದರೆ ನಕ್ಕುಬಿಡುತ್ತಿದ್ದರೇನೋ.

ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದಾರೆ. ಒಳ್ಳೆಯದೇ, ಬೇಸಿಗೆಯಲ್ಲಿ ಆ ಕ್ಯಾಬಿನ್ನಿನಲ್ಲಿ ಕೂತು ನೋಡಿದವರು ಬೇಡ ಅನ್ನುವುದಿಲ್ಲ. ಆದರೆ ಎಂಜಿನ್ ಆಫ್ ಮಾಡಿ ಮಲಗಿದವನಿಗೆ ಆ ಎಸಿ ಎಷ್ಟು ಹೊತ್ತು? 2024ರ ಫೆಬ್ರವರಿಯಲ್ಲಿ ಪ್ರಧಾನಿಗಳು ಮೊದಲ ಹಂತದಲ್ಲಿ ಚಾಲಕರಿಗಾಗಿ 1000 ಆಧುನಿಕ ವಿಶ್ರಾಂತಿ ಕಟ್ಟಡ ಅಂದರು. ನನಗೆ ಕಟ್ಟಡದ ಮೇಲೆ ಅಷ್ಟು ಆಸೆ ಇಲ್ಲ ಕಣ್ರೀ. ಹಾಸಿಗೆ ಲಾರಿಯಲ್ಲೇ ಇದೆ. ಇಲ್ಲದಿರುವುದು ಲಾರಿ ನಿಲ್ಲಿಸುವ ಜಾಗ, ಒಂದು ದೀಪ, ಒಂದು ನಲ್ಲಿ, ಒಂದು ಕಕ್ಕಸು, ಒಬ್ಬ ಕಾವಲಿನವನು. ಹೆದ್ದಾರಿ ಬದಿಯಲ್ಲಿ ಕಟ್ಟುವ ಸೌಕರ್ಯಗಳಲ್ಲಿ ಕಾಫಿ ಅಂಗಡಿ, ಪಿಜ್ಜಾ ಅಂಗಡಿ ಮೊದಲು ಬರುತ್ತವೆ, ಯಾಕೆಂದರೆ ಅಲ್ಲಿ ದುಡ್ಡು ಖರ್ಚು ಮಾಡುವವರು ನಾವು. ಈರುಳ್ಳಿ ಲಾರಿಯವನು ಹತ್ತು ರೂಪಾಯಿ ಟೀ ಕುಡಿದು ನಾಲ್ಕು ಗಂಟೆ ಜಾಗ ಹಿಡಿಯುತ್ತಾನೆ. ಅವನು ಯಾರಿಗೂ ಬೇಡ.

ಇನ್ನು ನಗರಗಳ ನೋ ಎಂಟ್ರಿ. ಬೆಂಗಳೂರಿನೊಳಗೆ ಹಗಲು ಹೊತ್ತು ಭಾರೀ ವಾಹನಗಳಿಗೆ ನಿರ್ಬಂಧ. ಸರಿ, ಟ್ರಾಫಿಕ್ ಇದೆ, ಬೇಕು. ಆದರೆ ಬೆಳಗ್ಗೆ ಬಂದ ಲಾರಿ ರಾತ್ರಿ ತನಕ ಎಲ್ಲಿ ಇರಬೇಕು ಅನ್ನುವುದು ಆ ಆದೇಶದ ಭಾಗ ಆಗಬೇಕಿತ್ತಲ್ಲವೇ? ನೆಲಮಂಗಲದ ಕಡೆ ಸರ್ವೀಸ್ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿ ನಾವು ಬೈಯುತ್ತೇವೆ. ಅವರನ್ನು ಅಲ್ಲಿ ನಿಲ್ಲಿಸಿದ್ದು ನಮ್ಮದೇ ಬೋರ್ಡು.

ಅಮೆರಿಕದಲ್ಲಿ ಇದೇ ಥರ ಒಂದು ಪ್ರಕರಣ ನಡೆದಿತ್ತು. ಜೇಸನ್ ರಿವೆನ್‌ಬರ್ಗ್ ಅನ್ನುವ ಟ್ರಕ್ ಡ್ರೈವರ್ 2009ರಲ್ಲಿ ಹಾಲಿನ ಲೋಡು ಹೊತ್ತು ಹೊತ್ತಿಗೆ ಮುಂಚೆಯೇ ತಲುಪಿದ. ಇಳಿಸುವ ಕಡೆ ಅಷ್ಟು ಬೇಗ ಒಳಗೆ ಬಿಡುವುದಿಲ್ಲ ಅಂತ ಸೌತ್ ಕ್ಯಾರೊಲಿನಾದಲ್ಲಿ ಮುಚ್ಚಿಹೋದ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮಲಗಿದ. ಏಳು ಡಾಲರಿಗಾಗಿ ಅವನನ್ನು ಕೊಂದರು. ಅವನ ಹೆಂಡತಿ ಬಿಡಲಿಲ್ಲ. 2012ರಲ್ಲಿ ಅವನ ಹೆಸರಿನಲ್ಲೇ ಟ್ರಕ್ ಪಾರ್ಕಿಂಗಿಗಾಗಿ ಕಾನೂನು ಬಂತು. ಅದರಿಂದ ಅಲ್ಲಿ ಜಾಗದ ಕೊರತೆ ಮುಗಿದಿಲ್ಲ, ಇವತ್ತಿಗೂ ಗೋಳಿದೆ. ಆದರೆ ಪಾರ್ಕಿಂಗ್ ಇಲ್ಲದಿರುವುದೂ ಸಾವಿಗೆ ಕಾರಣ ಅಂತ ಒಪ್ಪಿಕೊಂಡರಲ್ಲ, ನಾನು ಹೇಳುತ್ತಿರುವುದು ಅದನ್ನು.

ನಮ್ಮಲ್ಲೂ ಒಪ್ಪಿಕೊಳ್ಳಲು ಕಲಂ ಇದೆ. ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಅಪಾಯವಾಗುವಂತೆ ಗಾಡಿ ನಿಲ್ಲಿಸಿದವನಿಗೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 198ಎ ಕಲಂ ರಸ್ತೆ ಕಟ್ಟಿದವರಿಗೆ: ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರ ಯಾರೇ ಆಗಲಿ, ನಿಗದಿಯಾದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ 1 ಲಕ್ಷ ರೂಪಾಯಿ ತನಕ ದಂಡ. ಒಂದು ಲಕ್ಷ ಅನ್ನುವುದೇ ಜೋಕು, ಇರಲಿ. ಲಾರಿ ಡ್ರೈವರ್ ಮೇಲೆ ಕೇಸು ಅಂತ ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೇನೆ. ಲೇ-ಬೈ ಕಟ್ಟದವನ ಮೇಲೆ ಕೇಸು ಅಂತ ನಾನು ಒಂದು ಸಲವೂ ಓದಿಲ್ಲ. ನೀವು ಓದಿದ್ದರೆ ಹೇಳಿ.

ಲಾರಿಯವರೆಲ್ಲ ಸಾಧುಗಳು ಅಂತ ನಾನು ಹೇಳುತ್ತಿಲ್ಲ. ಹಿಂದೆ ಹಚ್ಚಿದ ರೇಡಿಯಂ ಸ್ಟಿಕ್ಕರ್ ಮಣ್ಣು ಮೆತ್ತಿ ಕಾಣದಿದ್ದರೂ ಒರೆಸುವುದಿಲ್ಲ. ಟೇಲ್ ಲೈಟಿನ ಬಲ್ಬು ಹೋದರೆ ತಿಂಗಳುಗಟ್ಟಲೆ ಹಾಕಿಸುವುದಿಲ್ಲ. ಪಂಕ್ಚರ್ ಆದರೆ ಸುತ್ತ ಕಲ್ಲಿಟ್ಟು, ಹೋಗುವಾಗ ಆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಅದಕ್ಕೆ ದಂಡ ಹಾಕಿ, ಟೋಲಿನಲ್ಲೇ ಹಿಡಿದು ಹಾಕಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ. ಆದರೆ ನಿದ್ದೆಗೆ ದಂಡ ಹಾಕಲು ಬರುವುದಿಲ್ಲ.

ಜಾಗ ಎಲ್ಲಿ ಬೇಕು ಅಂತ ಗೊತ್ತಿಲ್ಲ ಅನ್ನುವ ನೆಪವೂ ಈಗ ಉಳಿದಿಲ್ಲ. 2021ರ ಫೆಬ್ರವರಿಯಿಂದ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಯಾವ ಲಾರಿ ಯಾವ ಟೋಲನ್ನು ಎಷ್ಟು ಗಂಟೆಗೆ ದಾಟಿತು ಅಂತ ಸರ್ವರಿನಲ್ಲಿದೆ. ಅರವತ್ತು ಕಿಲೋಮೀಟರ್ ಅಂತರದ ಎರಡು ಟೋಲುಗಳ ನಡುವೆ ಒಂದು ಲಾರಿ ರಾತ್ರಿ ಐದು ಗಂಟೆ ತೆಗೆದುಕೊಂಡಿದ್ದರೆ ಅದು ಮಧ್ಯದಲ್ಲಿ ಎಲ್ಲೋ ನಿಂತಿತ್ತು ಅಂತ ಅರ್ಥ. ಹೀಗೆ ದಿನಕ್ಕೆ ಎಷ್ಟು ಲಾರಿ ಯಾವ ಎರಡು ಟೋಲಿನ ಮಧ್ಯೆ ನಿಲ್ಲುತ್ತವೆ ಅಂತ ತೆಗೆಯಲು ನಮ್ಮ ಟೀಮಿನ ಫ್ರೆಶರ್‌ಗೆ ಒಂದು ಮಧ್ಯಾಹ್ನ ಸಾಕು. ಆ ಸಂಖ್ಯೆಗೆ ತಕ್ಕಷ್ಟು ಜಾಗ ಅಲ್ಲಿ ಕಟ್ಟಲಿ. ಎರಡು ಕಿಲೋಮೀಟರ್ ಮುಂಚೆಯೇ ಕನ್ನಡದಲ್ಲೂ ಬೋರ್ಡ್ ಹಾಕಲಿ. ಅದರ ಬಾಯಿಯಲ್ಲಿ ಗೆರೆಯನ್ನು ತುಂಡು ತುಂಡಾಗಿ, ರಾತ್ರಿ ಹೊಳೆಯುವಂತೆ ಎಳೆಯಲಿ. ರಾತ್ರಿಯಿಡೀ ದೀಪ ಉರಿಯಲಿ, ಡೀಸೆಲ್ ಕದಿಯುವವರನ್ನು ಹಿಡಿಯಲು ಹೆದ್ದಾರಿ ಗಸ್ತಿನ ಗಾಡಿ ಅಲ್ಲೇ ನಿಲ್ಲಲಿ. ಆಮೇಲೂ ಯಾರಾದರೂ ಬಿಳಿ ಗೆರೆಯ ಮೇಲೆ ಲಾರಿ ನಿಲ್ಲಿಸಿ ಮಲಗಿದರೆ ಅವರನ್ನು ಎಬ್ಬಿಸಿ ಬೈಯಲು ನಾನೇ ಬರುತ್ತೇನೆ.

ಭಾನುವಾರ ವಾಪಸ್ ಬರುವಾಗ ಹಗಲೇ ಹೊರಟೆ. ಡಿವೈಡರಿನ ಆಚೆ ಅದೇ ಜಾಗ ಸಿಕ್ಕಿತು. ಲಾರಿ ಇರಲಿಲ್ಲ. ಒಣಗಿದ ಹೊಂಗೆ ಕೊಂಬೆಯೊಂದು ಗೆರೆಯ ಮೇಲೆ ಬಿದ್ದಿತ್ತು, ಅದರ ಮುಂದೆ ಇನ್ನೊಂದು ಲಾರಿ ನಿಂತಿತ್ತು.