ಭೂತವಿಲ್ಲದ ಭಯ
ಚಿತ್ರಕಥೆಯೆಂದೊಡನೆ ಮಕ್ಕಳ ಕೈಗೆ ಕೊಡುವ ವಾಡಿಕೆ ನಮ್ಮಲ್ಲುಂಟು. ಜಪಾನೀಯರ ‘ಮಾಂಗಾ’ಗಳ ವಿಷಯದಲ್ಲಿ ಅದು ಸಲ್ಲದು, ಅವುಗಳಲ್ಲಿ ಹಲವು ಪ್ರೌಢರಿಗಾಗಿಯೇ ರಚಿತವಾದುವು. ನಾವೋಕಿ ಉರಸಾವಾ ಎಂಬವರು 1994ರಿಂದ 2001ರವರೆಗೆ ರಚಿಸಿದ, 18 ಸಂಪುಟಗಳ ‘ಮಾನ್‌ಸ್ಟರ್’ ಅಂಥದು. ಇಂಗ್ಲಿಷಿನಲ್ಲಿ ದೊರೆಯುವ ಈ ಗ್ರಂಥವನ್ನು ವಾಚಕರು ಅವಶ್ಯವಾಗಿ ಓದಬೇಕು.

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಟೆನ್ಮಾ ಎಂಬ ಜಪಾನೀ ಶಸ್ತ್ರವೈದ್ಯನಿರುವನು. ನಗರಾಧ್ಯಕ್ಷನಿಗೆ ಚಿಕಿತ್ಸೆ ಮಾಡೆಂದು ಮೇಲಧಿಕಾರಿಯು ಆಜ್ಞಾಪಿಸಿದರೂ, ಅವನಿಗಿಂತ ಮುಂಚೆ ಬಂದ ಬಾಲಕನೊಬ್ಬನನ್ನೇ ವೈದ್ಯನು ಬದುಕಿಸುವನು. ಆ ಬಾಲಕನೇ ಮುಂದೆ ಕೊಲೆಯ ಮೇಲೆ ಕೊಲೆ ಮಾಡುವನು! ಹಾಗಾದರೆ ವೈದ್ಯನು ಮಾಡಿದುದು ಪುಣ್ಯವೋ, ಪಾಪವೋ? ಕಥೆಯಲ್ಲಿ ಪ್ರೇತಪಿಶಾಚಿಗಳಿಲ್ಲ, ಸೌಮ್ಯವಾದ ಮುಖವೊಂದೇ ಮೈ ನಡುಗಿಸಲು ಸಾಕು. ‘ಅನಿಮೆ’ಯೆಂಬ ಚಲಿಸುವ ಚಿತ್ರರೂಪದಲ್ಲಿಯೂ ಇದು 74 ಕಂತುಗಳಾಗಿ ಬಂದಿದೆ. ನನಗೆ ಪುಸ್ತಕವೇ ಮೇಲು, ಹೆದರಿದಾಗ ಮುಚ್ಚಿಡಬಹುದಷ್ಟೆ!

ಜುಂಜಿ ಇಟೋ ಅವರ ‘ಉಝುಮಾಕಿ’ಯಲ್ಲಿ ಸುರುಳಿಯ ಆಕೃತಿಯೊಂದು ಊರಿಗೆ ಊರನ್ನೇ ಶಾಪವಾಗಿ ಕಾಡುವುದು. ಅದರ ಚಿತ್ರಗಳು ಜುಗುಪ್ಸೆ ತರುವಂಥವು. ಊಟಕ್ಕೆ ಮುಂಚೆ ಬೇಡ. ಗಾಯಕಿಯೊಬ್ಬಳು ನಟಿಯಾಗಹೊರಟು, ಯಾವುದು ನಿಜ, ಯಾವುದು ಭ್ರಮೆಯೆಂದು ತಿಳಿಯದಂತಾಗುವ ಕಥೆ ಸಟೋಶಿ ಕೋನ್ ಅವರ ‘ಪರ್ಫೆಕ್ಟ್ ಬ್ಲೂ’ (1997). ಇದನ್ನು ಮಕ್ಕಳು ಮಲಗಿದ ಮೇಲೆಯೇ ನೋಡತಕ್ಕದ್ದು.