‘ಡಿ ಕಡಿಮೆ ಇದೆ’ ಅಂದರೆ ಮುಗಿಯಿತೇ?

ಈಗೀಗ ಯಾರು ಕೈಕಾಲು ನೋವು ಅಂದರೂ ಸಿಗುವ ಉತ್ತರ ಒಂದೇ: ‘ವಿಟಮಿನ್ ಡಿ ಕಡಿಮೆ ಇರಬೇಕು, ಚೆಕ್ ಮಾಡಿಸು’. ಹಾಸ್ಟೆಲ್‌ನಲ್ಲಿ, ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲೂ ಇದೇ ಮಾತು. ಚೆಕ್ ಮಾಡಿಸಿದರೆ ಕಡಿಮೆ ಇರುತ್ತದೆ ಕೂಡ. ನನ್ನ ತಕರಾರು ವಿಟಮಿನ್ ಮೇಲಲ್ಲ. ಆ ಒಂದು ಅಂಕಿ ಸಿಕ್ಕ ಕೂಡಲೇ ಹುಡುಕುವುದನ್ನೇ ನಿಲ್ಲಿಸಿಬಿಡುತ್ತೇವಲ್ಲ, ಅದರ ಮೇಲೆ.

ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿ ಈ ಕೊರತೆ ಯಾಕೆ ಅಂತ ಕೇಳಬಹುದು. ಚರ್ಮ ವಿಟಮಿನ್ ಡಿ ತಯಾರಿಸಬೇಕಾದರೆ ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ನೇರವಾಗಿ ಬೀಳಬೇಕು. ಕಿಟಕಿ ಗಾಜು ಅದನ್ನು ತಡೆಯುತ್ತದೆ. ನಮ್ಮಂಥ ಕಪ್ಪು, ಗೋಧಿಬಣ್ಣದವರಿಗೆ ಬಿಳಿಯರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಕ್ಲಾಸು, ಲ್ಯಾಬು ಅಂತ ಒಳಗೇ ಇರುವ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ರಕ್ತ ತೆಗೆದರೆ ಬಹಳ ಜನಕ್ಕೆ ಕಡಿಮೆಯೇ ಬಂದೀತು. ಅವರಿಗೆಲ್ಲ ಕೀಲುನೋವಿದೆಯೇ? ಇಲ್ಲ. ಇಷ್ಟು ಸಾಮಾನ್ಯವಾದ ಕೊರತೆ ನೋವಿದ್ದವರಲ್ಲೂ ಕಾಣುತ್ತದೆ, ಇಲ್ಲದವರಲ್ಲೂ ಕಾಣುತ್ತದೆ. ಕಂಡ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು.

ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಆದದ್ದು ಇದೇ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ಗಂಟೆ ಕಳೆದ ಮೇಲೆ, ಬಿಸಿನೀರಲ್ಲಿ ಕೈ ಅದ್ದಿದ ಮೇಲೆ ರೊಟ್ಟಿ ತಟ್ಟಲು ಆಗುತ್ತಿತ್ತು. ರಿಪೋರ್ಟ್‌ನಲ್ಲಿ ಡಿ 11 ಬಂತು. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ. ವಾರಕ್ಕೊಂದು 60,000 ಯೂನಿಟ್‌ನ ಪುಡಿ, ಜೊತೆಗೆ ಮಹಡಿ ಮೇಲೆ ಬಿಸಿಲು ಕಾಯುವುದು ಶುರುವಾಯಿತು. ಡಿ ಏರಿತು, ಬೆರಳು ಮಾತ್ರ ಹಾಗೇ. ಮನೆಯವರು ‘ಇನ್ನೊಂದು ಕೋರ್ಸ್ ಮಾಡು’ ಅಂದರು. ಹತ್ತು ತಿಂಗಳಾದ ಮೇಲೆ ರುಮಟಾಲಜಿಸ್ಟ್ ಒಬ್ಬರು ನೋಡಿ ಹೇಳಿದ್ದು ರುಮಟಾಯ್ಡ್ ಆರ್ಥ್ರೈಟಿಸ್. ಅಷ್ಟರಲ್ಲಿ ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದು ಕಾಣುತ್ತಿತ್ತು. ಈಗ ಮೆಥೊಟ್ರೆಕ್ಸೇಟ್ ಮಾತ್ರೆಯಿಂದ ನೋವು ಹಿಡಿತದಲ್ಲಿದೆ. ಬಲಗೈಯ ಎರಡು ಬೆರಳು ನೆಟ್ಟಗಾಗುವುದಿಲ್ಲ.

ಎರಡೂ ನೋವು ಒಂದೇ ಥರ ಇರುವುದಿಲ್ಲ. ಡಿ ತೀರಾ ಕಡಿಮೆಯಾದರೆ ಮೂಳೆ ನೋಯುತ್ತದೆ, ತೊಡೆಯ ಸ್ನಾಯು ಸೋಲುತ್ತದೆ, ಮೆಟ್ಟಿಲು ಹತ್ತಲು ಕಷ್ಟ. ರುಮಟಾಯ್ಡ್‌ನಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಬೆರಳು, ಮಣಿಕಟ್ಟಿನಂಥ ಸಣ್ಣ ಕೀಲುಗಳು, ಹೆಚ್ಚಾಗಿ ಎರಡೂ ಕೈಯಲ್ಲಿ, ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆಯಾದರೂ ಬಿಡುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರುವಾದರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು. ಪುಡಿ ಕುಡಿಯುತ್ತಾ ಕಳೆಯುವುದು ಆ ತಿಂಗಳುಗಳನ್ನೇ.

ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲವೇ? ಇದೆ. ರೋಗನಿರೋಧಕ ಕೋಶಗಳು ವಿಟಮಿನ್ ಡಿಗೆ ಸ್ಪಂದಿಸುತ್ತವೆ, ಈ ಕಾಯಿಲೆ ಇರುವವರಲ್ಲಿ ಡಿ ಕಡಿಮೆ ಇರುವುದೂ ಹೆಚ್ಚು. ಆದರೆ ಕೈಕಾಲು ನೋಯುವವರು ಮನೆಯಿಂದ ಹೊರಗೇ ಬರುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ಯಾವುದು ಮೊದಲು? ಎರಡು ಗ್ರಾಫ್ ಜೊತೆಯಾಗಿ ಏರಿಳಿದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಬರೆದರೆ ನಮ್ಮ ಲ್ಯಾಬ್‌ನಲ್ಲೇ ಮಾರ್ಕ್ಸ್ ಕಟ್! ಅಮೆರಿಕದ ‘ವೈಟಲ್’ ಅಧ್ಯಯನದಲ್ಲಿ 25,871 ಜನರ ಪೈಕಿ ಕೆಲವರಿಗೆ ದಿನಕ್ಕೆ 2,000 ಯೂನಿಟ್ ಡಿ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಐದು ವರ್ಷ ನೋಡಿದರು. ಸ್ವಯಂನಿರೋಧಕ ಕಾಯಿಲೆಗಳು ಒಟ್ಟಾರೆ ಶೇ 22ರಷ್ಟು ಕಡಿಮೆಯಾದವು ಎಂದು 2022ರಲ್ಲಿ ಪ್ರಕಟವಾಯಿತು. ಖುಷಿಯ ಸುದ್ದಿಯೇ. ಆದರೆ ಅದು ಐವತ್ತು ದಾಟಿದವರಲ್ಲಿ ಕಾಯಿಲೆ ಬರದಂತೆ ತಡೆಯುವ ಮಾತು. ಬಂದ ಕಾಯಿಲೆಗೆ ಅದೇ ಮದ್ದು ಎಂದು ಆ ಅಧ್ಯಯನ ಹೇಳಿಲ್ಲ.

ರುಮಟಾಯ್ಡ್ ರೋಗಿಗಳಿಗೂ ವೈದ್ಯರು ಡಿ ಬರೆಯುತ್ತಾರೆ. ಸ್ಟೆರಾಯ್ಡ್ ತೆಗೆದುಕೊಂಡರೆ ಮೂಳೆ ಟೊಳ್ಳಾಗುವುದರಿಂದ ಅದು ಬೇಕೇ ಬೇಕು. ಅಲ್ಲಿ ಅದು ಜೊತೆಗಾರ ಅಷ್ಟೇ. ಹಾಗಂತ 60,000ದ ಪುಡಿಯನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳಬಹುದು. ಈ ವಿಟಮಿನ್ ಕೊಬ್ಬಿನಲ್ಲಿ ಉಳಿಯುವಂಥದ್ದು, ಮೂತ್ರದಲ್ಲಿ ಹೋಗುವುದಿಲ್ಲ.

ರುಮಟಾಲಜಿಸ್ಟ್ ಎಲ್ಲ ಊರಲ್ಲಿ ಸಿಗುವುದಿಲ್ಲ, ನಿಜ. ಊರಿನ ಡಾಕ್ಟರ ಹತ್ತಿರ ಹೋದಾಗ ಬರೀ ‘ನೋವು’ ಅನ್ನುವ ಬದಲು ಬೆಳಿಗ್ಗೆ ಎಷ್ಟು ಹೊತ್ತು ಬಿಗಿತ, ಯಾವ ಕೀಲು ಊದಿದೆ ಎಂದು ಹೇಳಿದರೆ ಅವರೇ ಆರ್‌ಎ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ ಪರೀಕ್ಷೆ ಬರೆದಾರು. ಅವು ನೆಗೆಟಿವ್ ಬಂದರೂ ಕಾಯಿಲೆ ಇರಬಹುದು. ಊತ ಇಳಿಯದಿದ್ದರೆ ದೊಡ್ಡ ಊರಿಗೆ ಹೋಗುವ ಬಸ್ಸು ಹತ್ತುವುದೇ ಸರಿ, ಇನ್ನೊಂದು ಕೋರ್ಸ್ ಪುಡಿ ಮುಗಿಯುವವರೆಗೆ ಕಾಯುವುದಲ್ಲ.