ಮೊದಲು ಎಸ್‌ಎಂಪಿಎಸ್, ಆಮೇಲೆ ಗ್ರಾಫಿಕ್ಸ್ ಕಾರ್ಡ್

1/7

ಹೋದ ವಾರ ಸ್ಟೋರಿಯಲ್ಲಿ ನನ್ನ ಪಿಸಿ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ: "ಗುರೂ, 40 ಸಾವಿರ ಇದೆ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕ್ಸಲಿ?" ಒಬ್ಬೊಬ್ಬರಿಗೂ ಟೈಪ್ ಮಾಡಿ ಬೆರಳು ನೋವು ಬಂತು. ಅದಕ್ಕೇ ಈ ಏಳು ಪೋಸ್ಟ್. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ನನ್ನ ಉತ್ತರ ತುಂಬಾ ಜನಕ್ಕೆ ಇಷ್ಟ ಆಗಲ್ಲ ಅಂತ ಗೊತ್ತು. 40 ಸಾವಿರದಲ್ಲಿ ಕಾರ್ಡ್ ಮೊದಲು ತಗೋಬೇಡಿ. ಆಗಲ್ಲ ಅಂತ ಅಲ್ಲ, ಆಗುತ್ತೆ. ಆದರೆ ಕಾರ್ಡ್‌ಗೆ ಅರ್ಧ ದುಡ್ಡು ಹೋದಮೇಲೆ ಮಿಕ್ಕ ಅರ್ಧದಲ್ಲಿ ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್, ಎಸ್‌ಎಂಪಿಎಸ್ ಎಲ್ಲಾ ಬರಬೇಕು. ಆಗ ಮೊದಲು ಕತ್ತರಿ ಬೀಳೋದು ಯಾವುದಕ್ಕೆ? ಕಣ್ಣಿಗೆ ಕಾಣದೇ ಇರೋದಕ್ಕೆ. ಅಂದ್ರೆ ಎಸ್‌ಎಂಪಿಎಸ್‌ಗೆ.

ಇದನ್ನ ಯಾವುದೋ ವಿಡಿಯೋ ನೋಡ್ಕೊಂಡು ಹೇಳ್ತಿಲ್ಲ. ಶೆಟ್ಟಿಹಳ್ಳಿಯ ನಮ್ಮ ಮನೆ ರೂಮಲ್ಲಿ, ನನ್ನ ಕಣ್ಣೆದುರೇ 38 ಸಾವಿರ ರೂಪಾಯಿ ಸುಟ್ಟ ವಾಸನೆ ಕುಡಿದು ಹೇಳ್ತಿದೀನಿ.

2/7

2023ರ ಆಗಸ್ಟ್. ಪಿಯುಸಿ ಮುಗಿದು ಇಂಜಿನಿಯರಿಂಗ್ ಸೀಟ್ ಸಿಕ್ಕಿತ್ತು. "ಕಾಲೇಜಲ್ಲಿ ಕೋಡಿಂಗ್ ಇರುತ್ತೆ, ಪ್ರಾಜೆಕ್ಟ್ ಇರುತ್ತೆ, ಪಿಸಿ ಬೇಕೇ ಬೇಕು" ಅಂತ ಮನೇಲಿ ಹೇಳಿದ್ದೆ. ಅರ್ಧ ನಿಜ. ಮನಸ್ಸಲ್ಲಿ ಇದ್ದಿದ್ದು ಜಿಟಿಎ ಮತ್ತೆ ವ್ಯಾಲರಂಟ್. ಅಮ್ಮ ಬಟ್ಟೆ ಹೊಲೀತಾರೆ. ಚೀಟಿ ಎತ್ತಿ 20 ಸಾವಿರ ಕೊಟ್ಟರು, ಮಿಕ್ಕಿದ್ದು ಅಪ್ಪ ಕೊಟ್ಟರು.

ಒಂದು ಅಂಗಡಿಯಲ್ಲಿ "ಗೇಮಿಂಗ್ ಕಾಂಬೋ" ಅಂತ ಇತ್ತು. ಗಾಜಿನ ಕ್ಯಾಬಿನೆಟ್, ನಾಲ್ಕು ಆರ್‌ಜಿಬಿ ಫ್ಯಾನ್, ಐ3-12100ಎಫ್, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 8ಜಿಬಿ. ಲೈಟ್ ಹತ್ತಿದ ತಕ್ಷಣ ನಾನು ಬಿದ್ದೋದೆ. ಎಸ್‌ಎಂಪಿಎಸ್ ಯಾವುದು ಅಂತ ಕೇಳಲೇ ಇಲ್ಲ. ಮೇಲೆ "500 ವ್ಯಾಟ್" ಅಂತ ದಪ್ಪಕ್ಷರದಲ್ಲಿತ್ತು, ಸಾಕಲ್ವಾ ಅನ್ಕೊಂಡೆ.

ಒಂಬತ್ತು ತಿಂಗಳು ಚೆನ್ನಾಗೇ ಓಡ್ತು. 2024ರ ಮೇ ತಿಂಗಳ ಒಂದು ಸಂಜೆ, ಮಳೆಗಾಲಕ್ಕೆ ಮುಂಚಿನ ಗಾಳಿ ಗುಡುಗು. ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು, ಬಂತು. ಮೂರನೇ ಸಲ ಬಂದಾಗ "ಟಪ್" ಅಂತ ಶಬ್ದ, ಆಮೇಲೆ ಹೊಗೆ. ಎಸ್‌ಎಂಪಿಎಸ್ ತಾನೊಂದೇ ಹೋಗಲಿಲ್ಲ. ಬೋರ್ಡನ್ನೂ ಕಾರ್ಡನ್ನೂ ಜೊತೇಲಿ ಕರ್ಕೊಂಡು ಹೋಯ್ತು.

ಅಂಗಡಿಗೆ ಹೊತ್ಕೊಂಡು ಹೋದೆ. ಎಸ್‌ಎಂಪಿಎಸ್ ಮಾತ್ರ ಬದಲಾಯಿಸಿಕೊಡ್ತೀವಿ, ಬೋರ್ಡ್ ಸುಟ್ಟಿರೋದು ವಾರಂಟಿಗೆ ಬರಲ್ಲ ಅಂದರು. ಕಾರ್ಡ್ ಸೆಕೆಂಡ್ ಹ್ಯಾಂಡ್, ಅದಕ್ಕೆ ವಾರಂಟಿನೇ ಇಲ್ಲ. ನನ್ನ ಹತ್ರ ಇದ್ದಿದ್ದು ಜಿಎಸ್‌ಟಿ ಬಿಲ್ ಅಲ್ಲ, ಪೆನ್ನಲ್ಲಿ ಬರೆದ ಕೊಟೇಷನ್ ಚೀಟಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ.

3/7

ಈ ಫೋಟೋ ಝೂಮ್ ಮಾಡಿ ನೋಡಿ. ಅದೇ ಸತ್ತುಹೋದ ಎಸ್‌ಎಂಪಿಎಸ್‌ನ ಲೇಬಲ್. ದಪ್ಪಕ್ಷರ ಬಿಟ್ಟು ಕೆಳಗಿನ ಸಣ್ಣ ಟೇಬಲ್ ಓದಿ. +12ವಿ ಅನ್ನೋ ಕಾಲಂನಲ್ಲಿ 16ಎ ಅಂತಿದೆ.

12 ವೋಲ್ಟ್ × 16 ಆಂಪಿಯರ್ = 192 ವ್ಯಾಟ್.

ಇವತ್ತಿನ ಪಿಸಿಯಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಕರೆಂಟ್ ಎಳೆಯೋದು ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟ್ ಲೈನಿಂದಾನೇ. ಆರ್‌ಎಕ್ಸ್ 580 ಕಾರ್ಡ್‌ಗೊಂದಕ್ಕೇ ಕಂಪನಿ ಹೇಳೋ ಲೆಕ್ಕ 185 ವ್ಯಾಟ್. ಐ3-12100ಎಫ್‌ಗೆ 58, ಜೋರಾಗಿ ಓಡಿದಾಗ 89ರವರೆಗೂ ಹೋಗಬಹುದು. ಕಮ್ಮಿ ಅಂದ್ರೂ 243. ಅಂದ್ರೆ ಒಂಬತ್ತು ತಿಂಗಳು ಗೇಮ್ ಆಡಿದಾಗೆಲ್ಲಾ ನಾನು 192ರ ಬಡಪಾಯಿ ಹೆಗಲ ಮೇಲೆ 243ರ ಮೂಟೆ ಹೊರಿಸ್ತಿದ್ದೆ. ಕರೆಂಟ್ ಹೋಗಿ ಬಂದಿದ್ದು ಒಂದು ನೆಪ ಅಷ್ಟೇ.

"80 ಪ್ಲಸ್" ಅಂದ್ರೇನು ಅಂತಾನೂ ತುಂಬಾ ಜನ ಕೇಳಿದೀರ. ಗೋಡೆಯಿಂದ ಎಳೆದ ಕರೆಂಟಲ್ಲಿ ಕನಿಷ್ಠ 80% ಪಿಸಿಗೆ ಮುಟ್ಟುತ್ತೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತೆ ಅಂತ. ಬ್ರಾಂಜ್, ಗೋಲ್ಡ್ ಅಂದ್ರೆ ಇನ್ನೂ ಕಮ್ಮಿ ವೇಸ್ಟ್. ಅದು ಸೇಫ್ಟಿ ಸರ್ಟಿಫಿಕೇಟ್ ಅಲ್ಲ, ನೆನಪಿರಲಿ. ಆದರೂ ಹೆಸರಿಲ್ಲದ ಡಬ್ಬಕ್ಕಿಂತ ಗೊತ್ತಿರೋ ಕಂಪನಿಯ ಬ್ರಾಂಜ್ ಎಷ್ಟೋ ಮೇಲು. ತಗೋಳೋ ಮುಂಚೆ ಮೂರು ನೋಡಿ: 12ವಿ ಲೈನಲ್ಲಿ ನಿಜವಾಗಿ ಎಷ್ಟು ವ್ಯಾಟ್, ಎಷ್ಟು ವರ್ಷ ವಾರಂಟಿ, ಓವರ್ ವೋಲ್ಟೇಜ್ ಮತ್ತೆ ಶಾರ್ಟ್ ಸರ್ಕ್ಯೂಟ್ ಪ್ರೊಟೆಕ್ಷನ್ ಇದೆಯಾ. ಒಟ್ಟು ಬಜೆಟ್ಟಿನ ಹತ್ತರಲ್ಲಿ ಒಂದು ಪಾಲಾದರೂ ಇದಕ್ಕೆ ತೆಗೆದಿಡಿ ಅನ್ನೋದು ನನ್ನ ಹಠ.

4/7

"ಸರಿ ಗುರೂ, ಕಾರ್ಡ್ ಇಲ್ದೆ ಗೇಮ್ ಹೆಂಗೆ ಆಡೋದು?" ನ್ಯಾಯವಾದ ಪ್ರಶ್ನೆ.

ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರೋದು ತಗೊಳ್ಳಿ. ನಾನು ಎರಡನೇ ಸಲ ಕಟ್ಟಿದ್ದು 2025ರ ಜನವರಿಯಲ್ಲಿ, ರೈಜನ್ 5 5600ಜಿ ಹಾಕಿ. ಆರು ಕೋರ್, ಹನ್ನೆರಡು ಥ್ರೆಡ್, 2021ರದ್ದು. ಹಳೇದು ಅಂತ ಮೂಗು ಮುರೀಬೇಡಿ. ವ್ಯಾಲರಂಟ್ ಆರಾಮಾಗಿ ಓಡುತ್ತೆ. ಜಿಟಿಎ 5 ಪಿಸಿಗೆ ಬಂದಿದ್ದೇ 2015ರಲ್ಲಿ, ಸೆಟ್ಟಿಂಗ್ ಸ್ವಲ್ಪ ಇಳಿಸಿದ್ರೆ ಅದೂ ಓಡುತ್ತೆ. ರೆಡ್ ಡೆಡ್ 2 ಬೇಕು ಅಂದ್ರೆ ಮಾತ್ರ ಕಾಯಬೇಕು. ಅದಕ್ಕೆ ಡಿಸ್ಕಲ್ಲೇ 150 ಜಿಬಿ ಜಾಗ ಬೇಕು, ನೆನಪಿರಲಿ.

ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯ "ಎಫ್" ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ನನ್ನ ಮೊದಲನೇ ಪಿಸಿಯಲ್ಲಿ ಇದ್ದಿದ್ದು ಅದೇ. ಇನ್ನೊಂದು ಬೋರ್ಡ್ ಸಿಕ್ಕಿದ್ರೂ ಕಾರ್ಡ್ ಇಲ್ಲದೇ ಸ್ಕ್ರೀನಲ್ಲಿ ಏನೂ ಬರ್ತಿರಲಿಲ್ಲ.

ರ‍್ಯಾಮ್ 16 ಜಿಬಿ ಒಂದೇ ಸ್ಟಿಕ್ ತಗೋಬೇಡಿ. 8+8 ಹಾಕಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರಲ್ಲ, ರ‍್ಯಾಮನ್ನೇ ಹಂಚ್ಕೊಳ್ಳುತ್ತೆ. ಎರಡು ಸ್ಟಿಕ್ ಇದ್ರೆ ದಾರಿ ಎರಡು, ಗೇಮಲ್ಲಿ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತೆ.

ಈಗ ಕಟ್ಟೋರಿಗೆ ಒಂದು ಕೆಟ್ಟ ಸುದ್ದಿ. 2025ರ ಕೊನೆಯಿಂದ ರ‍್ಯಾಮ್ ರೇಟ್ ಮೇಲಕ್ಕೆ ಹೋಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚ್ಕೊಳ್ತಿವೆ. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥೋರು ತಗೊಳ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡ್ ವ್ಯಾಪಾರವನ್ನೇ ನಿಲ್ಲಿಸ್ತೀನಿ ಅಂತು. ಹೊಸ ಎಎಂ5 ಬೋರ್ಡ್‌ಗೆ ಡಿಡಿಆರ್5 ರ‍್ಯಾಮೇ ಆಗಬೇಕು. ಹಳೇ ಎಎಂ4ಗೆ ಡಿಡಿಆರ್4 ಸಾಕು, ಅದು ಅಣ್ಣಂದಿರ ಹಳೇ ಪಿಸಿಯಲ್ಲೂ ಸಿಗುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಭಯ ಕಮ್ಮಿ ಇರೋ ಪಾರ್ಟ್ ಅಂದ್ರೆ ರ‍್ಯಾಮ್. ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ಎರರ್ ಬರದಿದ್ರೆ ಇಟ್ಕೊಳ್ಳಿ.

5/7

ಎಲ್ಲಿ ತಗೋಬೇಕು? ಬೆಳಿಗ್ಗೆ ಟ್ರೇನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋದರೆ ಎಸ್.ಪಿ. ರೋಡ್ ನಡ್ಕೊಂಡು ಹೋಗೋ ದೂರ. ಒಂದು ಸಲ ಎಲ್ಲರೂ ಹೋಗಬೇಕಾದ ಜಾಗ ಅದು. ಆದರೆ ಮೊದಲನೇ ರೌಂಡಲ್ಲಿ ದುಡ್ಡು ತೆಗೀಬೇಡಿ. ನಾಲ್ಕು ಅಂಗಡಿಯಲ್ಲಿ ಪಾರ್ಟ್‌ಗಳ ಪೂರ್ತಿ ಮಾಡೆಲ್ ಹೆಸರು ಬರೆಸ್ಕೊಂಡು ಬನ್ನಿ. "500 ವ್ಯಾಟ್ ಎಸ್‌ಎಂಪಿಎಸ್" ಅಂತ ಬರೆದುಕೊಟ್ಟರೆ ಅದು ಉತ್ತರ ಅಲ್ಲ. ಯಾವ ಕಂಪನಿ, ಯಾವ ಮಾಡೆಲ್? ಬರೆಯಲ್ಲ ಅಂದ್ರೆ ಮುಂದಿನ ಅಂಗಡಿ.

ತುಮಕೂರಲ್ಲಿ ನೂರಿನ್ನೂರು ಜಾಸ್ತಿ ಆಗಬಹುದು. ಬೋರ್ಡ್, ಎಸ್‌ಎಂಪಿಎಸ್ ಎರಡನ್ನೂ ನಾನು ಇಲ್ಲೇ ತಗೊಂಡೆ. ತೊಂದರೆ ಆದ್ರೆ ಡಬ್ಬ ಹೊತ್ಕೊಂಡು 70 ಕಿಲೋಮೀಟರ್ ಹೋಗೋದು ಯಾರು? ಎಲ್ಲೇ ತಗೊಳ್ಳಿ, 18% ಜಿಎಸ್‌ಟಿ ಹಾಕಿದ ಬಿಲ್, ಬಿಲ್ಲಲ್ಲಿ ಸೀರಿಯಲ್ ನಂಬರ್ ಇರಲೇಬೇಕು. "ಬಿಲ್ ಬೇಡ ಅಂದ್ರೆ ಕಮ್ಮಿಗೆ ಕೊಡ್ತೀನಿ" ಅನ್ನೋ ಮಾತು ಕಿವಿಗೆ ಇಂಪು, ಆಮೇಲೆ ಕಣ್ಣಲ್ಲಿ ನೀರು.

ಆಫೀಸ್‌ಗಳಿಂದ ಬರೋ ರಿಫರ್ಬಿಶ್ಡ್ ಪಿಸಿ? 20 ಸಾವಿರದ ಒಳಗೆ ಅಂದ್ರೆ ಅದೂ ಒಳ್ಳೇ ದಾರೀನೇ. ಆದರೆ ವಿಂಡೋಸ್ 10ಕ್ಕೆ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಎಂಟನೇ ಜನರೇಷನ್ ಮೇಲೇ ಆಗಬೇಕು. ನಾಲ್ಕನೇ ಜನರೇಷನ್ ಐ5 ಅಗ್ಗ ಅಂತ ತಂದು, ಆಮೇಲೆ "ವ್ಯಾಲರಂಟ್ ಟಿಪಿಎಂ ಕೇಳ್ತಿದೆ ಗುರೂ" ಅಂತ ಮೆಸೇಜ್ ಮಾಡಬೇಡಿ.

6/7

ಇದು ಗೇಮಿಂಗ್ ಪೇಜ್‌ಗಳಲ್ಲಿ ಯಾರೂ ಹೇಳದ ಪೋಸ್ಟ್. ನಿಮ್ಮ ರೂಮಿನ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇದೆಯಾ? ಕ್ಯಾಬಿನೆಟ್ ಮುಟ್ಟಿದ್ರೆ "ಜುಂ" ಅನ್ನುತ್ತಾ? ಅನ್ನುತ್ತೆ ಅಂದ್ರೆ ಪಿಸಿ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ. ಮೂರನೇ ಪಿನ್ ಮುರಿದು ಟೂ ಪಿನ್‌ಗೆ ಸಿಕ್ಕಿಸೋ ಬುದ್ಧಿವಂತಿಕೆ ಬೇಡವೇ ಬೇಡ. ನಮ್ಮನೇಲಿ ಆ ಪಾಯಿಂಟಿಗೆ ಅರ್ಥ್ ವೈರೇ ಎಳೆದಿರಲಿಲ್ಲ. ಪಿಸಿ ಸುಟ್ಟಮೇಲೆ ಗೊತ್ತಾಯ್ತು. ಸರಿ ಮಾಡಿಸಿದ ಖರ್ಚು ಒಂದು ಆರ್‌ಜಿಬಿ ಫ್ಯಾನ್ ಸೆಟ್‌ಗಿಂತ ಕಮ್ಮಿ.

ಆಮೇಲೆ ಯುಪಿಎಸ್. 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್. ಅದು ಗೇಮ್ ಮುಂದುವರಿಸೋಕಲ್ಲ, ಸೇವ್ ಮಾಡಿ ಶಟ್‌ಡೌನ್ ಮಾಡೋಕೆ. ಮನೇಲಿ ಇನ್ವರ್ಟರ್ ಇದ್ರೆ ಅದರಲ್ಲಿ "ಯುಪಿಎಸ್ ಮೋಡ್" ಸ್ವಿಚ್ ಇದೆಯಾ ನೋಡಿ. ಇದ್ರೆ ಕರೆಂಟ್ ಹೋದಾಗ ಬೇಗ ಬದಲಾಗುತ್ತೆ, ಪಿಸಿ ರೀಸ್ಟಾರ್ಟ್ ಆಗೋದು ತಪ್ಪಬಹುದು. ಗುಡುಗು ಶುರುವಾದ್ರೆ ಮಾತ್ರ ಎಲ್ಲಾ ಬಿಟ್ಟು ಪ್ಲಗ್ ಕೀಳಿ.

ಇನ್ನು ಸೆಕೆಂಡ್ ಹ್ಯಾಂಡ್ ಕಾರ್ಡ್. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಮೈನಿಂಗ್ ನಿಂತುಹೋಯ್ತು. ಹಗಲೂ ರಾತ್ರಿ ದುಡಿದ ಎಷ್ಟೋ ಕಾರ್ಡ್‌ಗಳು ಮಾರ್ಕೆಟ್ಟಿಗೆ ಬಂದವು. ಎಲ್ಲಾ ಕೆಟ್ಟವಲ್ಲ. ಆದರೆ ಮಾರೋರ ಎದುರೇ ಅರ್ಧ ಗಂಟೆ ಗೇಮ್ ಓಡಿಸಿ, ಟೆಂಪರೇಚರ್ ನೋಡಿ, ಜಿಪಿಯು-ಝಡ್‌ನಲ್ಲಿ ಅದು ನಿಜವಾಗಿ ಅದೇ ಕಾರ್ಡಾ ಅಂತ ಪರೀಕ್ಷೆ ಮಾಡಿ. ಹಳೇ ಕಾರ್ಡ್‌ಗೆ ಬಯಾಸ್ ಬದಲಾಯಿಸಿ ಹೊಸ ಹೆಸರಲ್ಲಿ ಮಾರೋರೂ ಇದ್ದಾರೆ. ಮೇಲೆ ಥಳುಕು, ಒಳಗೆ ಹುಳುಕು.

7/7

ಮೊದಲನೇ ಪಿಸಿ ಹೋದಾಗ ಅಮ್ಮ ಬೈಯಲಿಲ್ಲ. "ಓದಿಗೆ ತೊಂದರೆ ಆಗುತ್ತಲ್ಲೋ, ಪ್ರಾಜೆಕ್ಟ್ ಹೆಂಗೆ ಮಾಡ್ತೀಯ?" ಅಂದರು. ಬೈದಿದ್ರೆ ಎಷ್ಟೋ ವಾಸಿ ಇತ್ತು. ಅವತ್ತು ರಾತ್ರಿ ನಿಜ ಹೇಳಿದೆ. ಗೇಮ್‌ಗೇ ತಗೊಂಡಿದ್ದು ಅಂತ. ಎರಡು ದಿನ ಮಾತು ಕಮ್ಮಿ ಇತ್ತು.

ಎರಡನೇ ಸಲ ಎಂಟು ತಿಂಗಳು ಸಂಜೆ ಹೊತ್ತು ಜೆರಾಕ್ಸ್ ಅಂಗಡಿಯಲ್ಲಿ ಕೂತು ದುಡ್ಡು ಕೂಡಿಸಿದೆ. ಪಾರ್ಟ್‌ಗಳ ಲಿಸ್ಟ್ ಬರೆದು ಅಮ್ಮನಿಗೆ ತೋರಿಸಿದೆ, ಯಾವುದು ಯಾತಕ್ಕೆ ಅಂತ ಒಂದೊಂದೇ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅಮ್ಮ ಕೇಳಿದ್ದು ಒಂದೇ: "ಇದರಲ್ಲಿ ಯಾವುದು ಕೆಟ್ರೆ ಎಲ್ಲಾ ಕೆಡುತ್ತೆ? ಅದನ್ನ ಮೊದಲು ಒಳ್ಳೇದು ತಗೋ. ನನ್ನ ಮೆಷಿನ್ ಸ್ಟ್ಯಾಂಡ್ ಹಳೇದೇ, ಮೋಟರ್ ಮಾತ್ರ ಒಳ್ಳೇದು ಹಾಕ್ಸಿದೀನಿ."

550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್ ಮೊದಲು ಬಂತು. ಕ್ಯಾಬಿನೆಟ್ ಒಬ್ಬ ಸೀನಿಯರ್ ಬಿಸಾಕೋಕೆ ಇಟ್ಟಿದ್ದು, ಪುಕ್ಸಟ್ಟೆ. ಒಂಬತ್ತು ತಿಂಗಳು ಕಾರ್ಡ್ ಇಲ್ದೆ ಆಡಿದೆ. ಹೋದ ದೀಪಾವಳಿಗೆ ಆರ್‌ಎಕ್ಸ್ 6600 ತಂದೆ. ಅದಕ್ಕೆ 132 ವ್ಯಾಟ್, ಎಸ್‌ಎಂಪಿಎಸ್ ಬೆವರೂ ಸುರಿಸಲ್ಲ. ಸ್ಟೋರಿಯಲ್ಲಿ ನೀವು ನೋಡಿ "ಬೆಂಕಿ ಗುರೂ" ಅಂದ್ರಲ್ಲ, ಅದು ಇದೇ. ಒಳಗೆ ಒಂದು ಲೈಟೂ ಇಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಯಾರಾದ್ರೂ ಲೈಟ್ ಹಾಕಿ ಕೊಡ್ತಾರಾ?

"ಕಾಯೋಕೆ ಆಗಲ್ಲ, ಈಗ್ಲೇ ಕಾರ್ಡ್ ಬೇಕು, ಮಿಕ್ಕಿದ್ದು ಆಮೇಲೆ ಬದಲಾಯಿಸ್ತೀನಿ" ಅನ್ನೋರಿಗೆ ನನ್ನ ಮಾತು ಇಷ್ಟೇ. ಕಾರ್ಡ್ ಆಮೇಲೆ ಹಾಕೋದು ಸುಲಭ, ಎರಡು ಸ್ಕ್ರೂ ಕೆಲಸ. ಎಸ್‌ಎಂಪಿಎಸ್ ಆಮೇಲೆ ಬದಲಾಯಿಸ್ತೀನಿ ಅಂದೋರಲ್ಲಿ ಎಷ್ಟು ಜನ ಬದಲಾಯಿಸಿದ್ದಾರೆ? ನಾನಂತೂ ಬದಲಾಯಿಸಲಿಲ್ಲ.

ಮನೇಲಿ ದುಡ್ಡು ಕೇಳೋ ಮುಂಚೆ ಲಿಸ್ಟ್ ಬರೀರಿ. ಗೇಮ್‌ಗೆ ಬೇಕು ಅಂದ್ರೆ ಗೇಮ್‌ಗೆ ಅಂತಾನೇ ಹೇಳಿ. ಲಿಸ್ಟ್ ಕಾಮೆಂಟಲ್ಲಿ ಹಾಕಿದ್ರೆ ನೋಡಿ ಹೇಳ್ತೀನಿ. ಆದರೆ ಮೊದಲನೇ ಸಾಲಲ್ಲಿ ಎಸ್‌ಎಂಪಿಎಸ್ ಮಾಡೆಲ್ ಇರಬೇಕು.

#ಬಜೆಟ್‌ಪಿಸಿ #ಗೇಮಿಂಗ್‌ಪಿಸಿ #ಕನ್ನಡಗೇಮರ್ಸ್ #ತುಮಕೂರು #ಶೆಟ್ಟಿಹಳ್ಳಿ